ಬೊಜ್ಜು: ಒಬ್ಬರ ಪ್ರಶ್ನೆ ಬೇರೆ, ಊರಿನ ಪ್ರಶ್ನೆ ಬೇರೆ

ಸಮುದಾಯ ಆರೋಗ್ಯದ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ‘ಬೊಜ್ಜಿಗೆ ಕಾರಣವೇನು’ ಅಂತ ಕೇಳಿದರೆ ನಾವೆಲ್ಲ ಥಟ್ಟನೆ ಬರೆಯುವುದು ಒಂದೇ: ಜಾಸ್ತಿ ತಿನ್ನುವುದು, ಕಡಿಮೆ ಓಡಾಡುವುದು. ಇದು ಬರೀ ಲೆಕ್ಕ. ಕೆರೆ ಯಾಕೆ ತುಂಬಿತು ಅಂದರೆ, ಹೊರಗೆ ಹೋದ ನೀರಿಗಿಂತ ಒಳಗೆ ಬಂದ ನೀರು ಜಾಸ್ತಿ ಅಂದ ಹಾಗೆ. ಮಳೆ ಹೆಚ್ಚಾಯಿತೋ, ತೂಬು ಕಟ್ಟಿಕೊಂಡಿತೋ ಗೊತ್ತಾಗುವುದೇ ಇಲ್ಲ.

ಮೊದಲು ಅಳತೆ ನೋಡೋಣ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಸೂಚ್ಯಂಕ. 70 ಕಿಲೋ, 1.6 ಮೀಟರ್ ಇದ್ದವರಿಗೆ ಸುಮಾರು 27.3. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ಆದರೆ 2009ರ ಭಾರತೀಯ ಮಾರ್ಗಸೂಚಿಯಲ್ಲಿ 23ಕ್ಕೇ ಅತಿತೂಕ, 25ಕ್ಕೇ ಬೊಜ್ಜು. ನಮಗೆ ಯಾಕೆ ಇಷ್ಟು ಬಿಗಿ? 2004ರಲ್ಲಿ ಪುಣೆಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ಅನ್ನುವ ಇಬ್ಬರು ಸಂಶೋಧಕರು ತಮ್ಮ ಮೈಯನ್ನೇ ಅಳೆದು ತೋರಿಸಿದರು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2! ಬಿಎಂಐ ಒಂದೇ ಇದ್ದರೂ ಕೊಬ್ಬು ಬೇರೆ ಬೇರೆ. ಆದ್ದರಿಂದ ಫೀಲ್ಡಿನಲ್ಲಿ ತಕ್ಕಡಿ ಜೊತೆ ಟೇಪನ್ನೂ ಇಟ್ಟುಕೊಳ್ಳಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದರೆ ಎಚ್ಚರ.

ಈಗ ಮುಖ್ಯ ವಿಷಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ನೋಡಿ. 2015-16ರಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಜಾಸ್ತಿ ಇದ್ದ ಹೆಂಗಸರು ನೂರಕ್ಕೆ ಸುಮಾರು 23. 2019-21ರ ಸಮೀಕ್ಷೆಗೆ ಅದು 30 ಆಗಿತ್ತು. ಗಂಡಸರದ್ದೂ ಹೆಚ್ಚು ಕಡಿಮೆ ಹಾಗೇ ಏರಿದೆ. ನಾಲ್ಕೈದು ವರ್ಷದಲ್ಲಿ ಇಡೀ ರಾಜ್ಯದ ವಂಶವಾಹಿ ಬದಲಾಗುತ್ತಾ? ಎಲ್ಲರೂ ಒಟ್ಟಿಗೆ ಸೋಮಾರಿಗಳಾದರಾ? ಇಲ್ಲ, ಅಲ್ವಾ?

1985ರಲ್ಲಿ ಬ್ರಿಟನ್ನಿನ ವೈದ್ಯ ಸಂಶೋಧಕ ಜೆಫ್ರಿ ರೋಸ್ ಹೇಳಿದ್ದು ಇಲ್ಲಿ ಬೇಕು. ಈ ಮನುಷ್ಯನಿಗೆ ಯಾಕೆ ಕಾಯಿಲೆ ಬಂತು ಅನ್ನುವುದು ಒಂದು ಪ್ರಶ್ನೆ. ಈ ಊರಿನಲ್ಲಿ ಯಾಕೆ ಇಷ್ಟು ಕಾಯಿಲೆ ಅನ್ನುವುದು ಇನ್ನೊಂದು. ಒಂದೇ ಮನೆಯ ಇಬ್ಬರಲ್ಲಿ ಒಬ್ಬರು ದಪ್ಪ, ಒಬ್ಬರು ಸಣ್ಣ ಆಗಿರುವುದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಆದರೆ ಇಡೀ ಊರಿನ ತೂಕ ಏರಿದ್ದಕ್ಕೆ ಊರಿನಲ್ಲಿ ಏನು ಬದಲಾಯಿತು ಅಂತ ಹುಡುಕಬೇಕು.

ನನಗೆ ತುಂಬಾ ಹಿಡಿಸಿದ ಅಧ್ಯಯನ ನಮ್ಮ ದೇಶದ್ದೇ. 1956ರಲ್ಲಿ ಜೀನ್ ಮೇಯರ್ ಮತ್ತು ಜೊತೆಗಾರರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಗಂಡಸರ ಊಟ, ತೂಕ, ಕೆಲಸ ಮೂರನ್ನೂ ಹೋಲಿಸಿದರು. ಮೈಮುರಿದು ದುಡಿಯುವವರು ಜಾಸ್ತಿ ತಿನ್ನುತ್ತಿದ್ದರು, ತೂಕ ಏರಿರಲಿಲ್ಲ. ಹಗುರ ಕೆಲಸದವರು ಕಡಿಮೆ ತಿನ್ನುತ್ತಿದ್ದರು. ಪೂರ್ತಿ ಕೂತು ಕೆಲಸ ಮಾಡುವವರು ಇನ್ನೂ ಕಡಿಮೆ ತಿನ್ನಬೇಕಿತ್ತು. ಆದರೆ ಹಗುರ ಕೆಲಸದವರಿಗಿಂತ ಜಾಸ್ತಿಯೇ ತಿನ್ನುತ್ತಿದ್ದರು, ತೂಕವೂ ಜಾಸ್ತಿ. ಅಂದರೆ ಓಡಾಟ ಒಂದು ಮಟ್ಟಕ್ಕಿಂತ ಇಳಿದರೆ ಹಸಿವು ಅದರ ಜೊತೆ ಇಳಿಯುವುದಿಲ್ಲ.

ಇದನ್ನು ಓದುವಾಗ ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆ ನೆನಪಾದರು. ಮೊದಲು ಬೆಟ್ಟದಿಂದ ಸೊಪ್ಪಿನ ಹೊರೆ, ಬಾವಿಯಿಂದ ನೀರು, ಒರಳಿನಲ್ಲಿ ಕಡುಬಿನ ಹಿಟ್ಟು, ಅಡಿಕೆ ಸುಗ್ಗಿಯಲ್ಲಿ ರಾತ್ರಿವರೆಗೆ ಸುಲಿಯುವುದು. ಈಗ ಪಂಪು, ಮಿಕ್ಸಿ, ಸುಲಿಯುವ ಮೆಷಿನ್, ಪೇಟೆಗೆ ಸ್ಕೂಟಿ. ಒಂದೊಂದೂ ಅವರ ಬೆನ್ನಿಗೆ ಸಿಕ್ಕ ವಿಶ್ರಾಂತಿ, ವಾಪಸ್ ಹೋಗಿ ಅಂತ ನಾನು ಹೇಳಲಾರೆ. ಆದರೆ ಬೆಳಗ್ಗೆ ತಿನ್ನುವ ಅಕ್ಕಿ ರೊಟ್ಟಿಯ ಎಣಿಕೆ ಆಗ ಎಷ್ಟೋ ಈಗಲೂ ಅಷ್ಟೇ. ಮಂಡಿನೋವು ಅಂತ ತೋರಿಸಲು ಹೋದಾಗ ವೈದ್ಯರೊಬ್ಬರು ‘ಬಾಯಿಗೆ ಬೀಗ ಹಾಕಿ’ ಅಂದರಂತೆ. ಬಸ್ಸಿನಲ್ಲಿ ಊರು ಬರುವವರೆಗೂ ಅತ್ತಿದ್ದಾರೆ. ನಾಳೆ ನಾವೂ ಆ ಕುರ್ಚಿಯಲ್ಲಿ ಕೂರುವವರು, ದಯವಿಟ್ಟು ಆ ಮಾತು ಆಡಬೇಡಿ.

ಒಂದು ಎಚ್ಚರಿಕೆ. ಕೆಲಸಕ್ಕೂ ತೂಕಕ್ಕೂ ನಂಟು ಕಂಡ ಕೂಡಲೇ ಕಾರಣ ಸಿಕ್ಕಿತು ಅಂದುಕೊಳ್ಳಬಾರದು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಜೆರ್ರಿ ಮೋರಿಸ್ ತಂಡ 1953ರಲ್ಲಿ ಹೇಳಿತ್ತು. ಅದೇ ತಂಡ 1956ರಲ್ಲಿ ಸಮವಸ್ತ್ರದ ಅಳತೆ ತೆಗೆದು ನೋಡಿತು. ಚಿಕ್ಕ ವಯಸ್ಸಿನ ಡ್ರೈವರ್‌ಗಳ ಸೊಂಟವೂ ಕಂಡಕ್ಟರ್‌ಗಳಿಗಿಂತ ದಪ್ಪ. ಹಾಗಾದರೆ ಕೂತು ಕೂತು ಸೊಂಟ ಬೆಳೆಯಿತೋ, ದಪ್ಪ ಇದ್ದವರೇ ಆ ಕೆಲಸಕ್ಕೆ ಸೇರಿದರೋ? ತಮ್ಮ ಫಲಿತಾಂಶಕ್ಕೆ ತಾವೇ ಪ್ರಶ್ನೆ ಹಾಕಿಕೊಂಡ ಅವರ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ.

ಊಟದ ಕಡೆಗೆ ಗಟ್ಟಿ ಪುರಾವೆ 2019ರ ಕೆವಿನ್ ಹಾಲ್ ಪ್ರಯೋಗ. ಅಮೆರಿಕದಲ್ಲಿ 20 ಜನರನ್ನು ಒಂದೇ ಕಡೆ ಇರಿಸಿ, ಎರಡು ವಾರ ಕಾರ್ಖಾನೆಯ ಪ್ಯಾಕೆಟ್ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದರು. ಪ್ಯಾಕೆಟ್ ಆಹಾರದ ದಿನಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೊಟ್ಟೆಗೆ ಹೋಯಿತು, ತೂಕ ಸುಮಾರು 0.9 ಕಿಲೋ ಏರಿತು.

ತಡೆಗಟ್ಟುವ ಭಾಗ ಬರೆಯುವಾಗಲೂ ರೋಸ್ ಹೇಳಿದ ಆ ಎರಡು ಪ್ರಶ್ನೆ ನೆನಪಿರಲಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅನ್ನುವುದು ಒಬ್ಬರಿಗೆ ಹೇಳುವ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಕಡೆ ಎಲ್ಲಿ ನಡೆಯಬೇಕು? ಮಳೆಗೆ ನೆನೆಯದಂತೆ ಚಾವಣಿ ಇರುವ ಜಾಗ ಕೊಡುವುದು ಊರಿನ ಕೆಲಸ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷವೇ ಖರೀದಿ ನೂರಕ್ಕೆ ಸುಮಾರು 6ರಷ್ಟು ಇಳಿಯಿತು, ಬಡವರ ಮನೆಗಳಲ್ಲಿ ಇನ್ನೂ ಜಾಸ್ತಿ. ನಮ್ಮಲ್ಲಿ 2020ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿಯನ್ನು ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. ಮುಂದಿನ ಫೀಲ್ಡಿಗೆ ಹೋದಾಗ ಗೇಟಿನಿಂದ ಟೇಪ್ ಹಿಡಿದು ಅಳೆಯಿರಿ. ಆ 50 ಮೀಟರಿನೊಳಗೆ ಎಷ್ಟು ಅಂಗಡಿ, ಒಂದೊಂದರ ಮುಂದೆ ಎಷ್ಟು ಚಿಪ್ಸ್ ಸರ ತೂಗುತ್ತಿವೆ, ಬರೆದುಕೊಂಡು ಬನ್ನಿ.