ತಂಗಡಿ: ಒಂದೇ ಗಿಡ, ಗಡಿಗೊಂದು ಹೆಸರು

ಮುಳಬಾಗಿಲಿನಿಂದ ಆಂಧ್ರದ ಕಡೆ ಹೋಗುವಾಗ ಬೀಳುಬಿದ್ದ ಹೊಲಗಳ ಬದುವಿನಲ್ಲಿ, ಬಂಡೆಗಳ ಸಂದಿಯಲ್ಲಿ ಆಳೆತ್ತರ ಬೆಳೆದು ಅಚ್ಚ ಹಳದಿ ಹೂ ಬಿಡುವ ಪೊದೆಯೇ ತಂಗಡಿ. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದಲ್ಲ. ಕಲ್ಲುನೆಲ, ಚೌಳುನೆಲ ಎಲ್ಲಿದ್ದರೂ ಬದುಕುತ್ತದೆ. ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ಗಳೇ ಇದರ ತವರು. ಲಂಟಾನದ ಹಾಗೆ ಹೊರಗಿನಿಂದ ಬಂದು ಹಬ್ಬಿದ್ದಲ್ಲ.

ಕೋಲಾರ ಜಿಲ್ಲೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಹಾಗಾಗಿ ಈ ಗಿಡಕ್ಕೂ ಮೂರು ಕಡೆಯ ಹೆಸರುಗಳಿವೆ. ತಂಗಡಿ, ತಂಗಟೆ ಎಂಬ ನಮ್ಮ ಮಾತುಗಳು ತೆಲುಗಿನ ತಂಗೇಡುವಿನ ಒಡಹುಟ್ಟುಗಳು. ಆ ತಂಗೇಡು ಈಗ ತೆಲಂಗಾಣದ ರಾಜ್ಯಪುಷ್ಪ. ಬತುಕಮ್ಮ ಹಬ್ಬದಲ್ಲಿ ಹೂಗಳನ್ನು ಪೇರಿಸುವಾಗ ಅದು ಇರಲೇಬೇಕು. ತಮಿಳರು ಇದನ್ನು ಆವಾರೈ ಎನ್ನುತ್ತಾರೆ. ಸಂಗಂ ಕಾಲದ ಹಳೆಯ ತಮಿಳು ಕವಿತೆಗಳಲ್ಲೇ ಆವಿರೈ ಎಂದು ಈ ಹೂವಿನ ಪ್ರಸ್ತಾಪವಿದೆ. ಕನ್ನಡದ ಆವರಿಕೆ ಆ ಸಾಲಿಗೆ ಸೇರಿದ್ದು, ಸಂಸ್ಕೃತದ ಹೆಸರು ಆವರ್ತಕಿ. ಕೋಲಾರದವರು ಚಳಿಗಾಲದಲ್ಲಿ ಬಿಡದೆ ತಿನ್ನುವ ಅವರೆಗೂ ಈ ಆವರಿಕೆಗೂ ಸಂಬಂಧವಿಲ್ಲ.

ಹೂವಿನ ಬಣ್ಣ ನೋಡಿ ಹೊನ್ನಾವರಿಕೆ ಎಂದವರೂ ಕನ್ನಡಿಗರೇ. ಎಲ್ಲಕ್ಕಿಂತ ನನಗೆ ಇಷ್ಟವಾದ ಹೆಸರು ಇದು. ಶ್ರೀಲಂಕಾದಲ್ಲಿ ಇದೇ ಗಿಡ ರಣವರ. ಸಿಂಹಳದಲ್ಲೂ ‘ರನ್’ ಎಂದರೆ ಚಿನ್ನ. ಅಲ್ಲಿ ಇದನ್ನು ಟೀ ಹಾಗೆ ಕುದಿಸಿ ಕುಡಿಯುವ ರೂಢಿಯಿದೆ.

ಇಂಗ್ಲಿಷಿನವರು ಮಾತ್ರ ಹೂವನ್ನು ಬಿಟ್ಟು ತೊಗಟೆಯನ್ನು ಹಿಡಿದರು. ಅವರಿಗೆ ಇದು ‘ಟ್ಯಾನರ್ಸ್ ಕ್ಯಾಸಿಯಾ’, ಅಂದರೆ ಚರ್ಮ ಹದ ಮಾಡುವವರ ಗಿಡ. ತೊಗಟೆಯಲ್ಲಿ ಟ್ಯಾನಿನ್ ಹೇರಳ. ಅದರ ಕಷಾಯದಲ್ಲಿ ನೆನೆದ ತೊಗಲು ಕೊಳೆಯದೆ ಹದವಾಗುತ್ತದೆ. ದಕ್ಷಿಣ ಭಾರತದ ಚರ್ಮೋದ್ಯಮ ಬಹುಕಾಲ ನಿಂತಿದ್ದು ಈ ತೊಗಟೆಯ ಮೇಲೆ. ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣ ಆಫ್ರಿಕಾದಿಂದ ವ್ಯಾಟಲ್ ಎಂಬ ಅಕೇಶಿಯಾ ಮರದ ತೊಗಟೆ ಬರತೊಡಗಿದ ಮೇಲೆ ಇದು ಹಿಂದೆ ಸರಿಯಿತು. ಆವರಿಕೆಯನ್ನು ಬರೀ ಔಷಧಿ ಸಸ್ಯ ಎಂದು ಪರಿಚಯಿಸುವವರು ಆ ತೊಗಟೆ ಸುಲಿದ, ತೊಗಲು ಹದ ಮಾಡಿದ ಕೈಗಳನ್ನು ಮರೆಯಬಾರದು. ಗಿಡದ ಗುಣವನ್ನು ದಿನನಿತ್ಯ ಮುಟ್ಟಿ ತಿಳಿದಿದ್ದವರು ಅವರೇ. ರೈತರಿಗಂತೂ ಇದು ಗದ್ದೆಗೆ ತುಳಿಯುವ ಹಸಿರು ಗೊಬ್ಬರದ ಸೊಪ್ಪು.

ಔಷಧಿಯ ವಿಷಯಕ್ಕೆ ಬಂದರೆ, ಹೂವು, ಎಲೆ, ಬೀಜ, ತೊಗಟೆ, ಬೇರು ಐದನ್ನೂ ತಮಿಳುನಾಡಿನ ಸಿದ್ಧ ಪದ್ಧತಿಯ ಮತ್ತು ಆಯುರ್ವೇದದ ವೈದ್ಯರು ಬಳಸುತ್ತಾರೆ. ಮುಖ್ಯವಾಗಿ ಮಧುಮೇಹಕ್ಕೆ, ಮೈ ಉರಿಗೆ, ಚರ್ಮದ ತೊಂದರೆಗೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಇದರ ಹೂವಿನ ಕಷಾಯ ನಂಬಿ ಮಾತ್ರೆ ಬಿಡುವುದು ಅಪಾಯ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದಾದರೂ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಇಟ್ಟ ಹೆಸರು ಕ್ಯಾಸಿಯಾ ಆರಿಕ್ಯುಲೇಟಾ. ಈಗ ಸೆನ್ನಾ ಆರಿಕ್ಯುಲೇಟಾ. ಸೋನಾಮುಖಿಯೂ ಇದೇ ಸೆನ್ನಾ ಕುಲದ್ದು. ‘ಆರಿಕ್ಯುಲೇಟಾ’ ಅಂದರೆ ಕಿವಿಯುಳ್ಳದ್ದು. ಎಲೆತೊಟ್ಟಿನ ಬುಡದಲ್ಲಿ ಪುಟ್ಟ ಕಿವಿಯಂಥ ಹಸಿರು ಎಸಳುಗಳಿರುತ್ತವೆ. ಹೆಸರು ಹತ್ತಿರವಿರುವುದರಿಂದ ಮಳೆಗಾಲದ ತಗಚೆ ಸೊಪ್ಪನ್ನೇ ತಂಗಡಿ ಅಂದುಕೊಳ್ಳುವವರಿದ್ದಾರೆ. ತಗಚೆ ಮೊಣಕಾಲೆತ್ತರದ ಕಳೆ, ಅದರ ಕಾಯಿ ಸಣ್ಣಗೆ ಉದ್ದ. ತಂಗಡಿಯ ಕಾಯಿ ಚಪ್ಪಟೆ, ಕಾಗದದಷ್ಟು ತೆಳು. ಕಾಯಿ ಸಿಗದಿದ್ದರೆ ಆ ಕಿವಿ ನೋಡಿದರೆ ಸಾಕು.