ಸೊಸೆಯ ಹೆಗಲ ಮೇಲಿದ್ದ ಮುಪ್ಪು: ಪೂರ್ವ ಏಷ್ಯಾದ ಅರವತ್ತು ವರ್ಷಗಳ ಕಥೆ

2007ರ ಡಿಸೆಂಬರ್. ಜಪಾನಿನ ಐಚಿ ಪ್ರಾಂತ್ಯದ ಓಬು ಎಂಬ ಊರಿನ ಒಂದು ಮನೆ. ಯಜಮಾನರಿಗೆ 91 ವರ್ಷ, ಮರೆವಿನ ಕಾಯಿಲೆ. ಹೆಂಡತಿಗೆ 85. ಸರ್ಕಾರದ ಲೆಕ್ಕದ ಪ್ರಕಾರ ಆಕೆಗೂ ಆರೈಕೆ ಬೇಕಿತ್ತು. ಮಾವನನ್ನು ನೋಡಿಕೊಳ್ಳಲೆಂದೇ ಹಿರಿಸೊಸೆ ಯೊಕೊಹಾಮಾ ಬಿಟ್ಟು ಬಂದು ಹತ್ತಿರದಲ್ಲೇ ಮನೆ ಮಾಡಿದ್ದರು. ಆ ಸಂಜೆ ಸೊಸೆ ಬೇರೇನೋ ಕೆಲಸದಲ್ಲಿದ್ದಾಗ ಹೆಂಡತಿಗೆ ಕೂತಲ್ಲೇ ಕಣ್ಣು ಹತ್ತಿತು. ಕೆಲವೇ ನಿಮಿಷ. ಅಷ್ಟರಲ್ಲಿ ಯಜಮಾನರು ಎದ್ದು ಹೊರನಡೆದು, ಹಳಿಗಿಳಿದು, ರೈಲಿಗೆ ಸಿಕ್ಕಿ ತೀರಿಕೊಂಡರು.

ರೈಲುಗಳು ತಡವಾದ ನಷ್ಟವನ್ನು ಲೆಕ್ಕ ಹಾಕಿದ ರೈಲ್ವೆ ಕಂಪನಿ, ಕುಟುಂಬದಿಂದ ಸುಮಾರು 72 ಲಕ್ಷ ಯೆನ್ ಕೇಳಿತು. 2013ರಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ ಹೆಂಡತಿಯೂ ಹಿರಿಮಗನೂ ಪೂರ್ತಿ ಹಣ ಕಟ್ಟಬೇಕು ಎಂದಿತು. ಮರುವರ್ಷ ಹೈಕೋರ್ಟು ಮಗನನ್ನು ಬಿಟ್ಟಿತು, ಹೆಂಡತಿಯ ತಲೆಯ ಮೇಲೆ ಅರ್ಧ ಹೊರಿಸಿತು. ಎಂಬತ್ತೈದರ ಹೆಂಗಸೊಬ್ಬಳ ತೂಕಡಿಕೆಗೆ ನ್ಯಾಯಾಲಯ ಬೆಲೆ ಕಟ್ಟಿತ್ತು. ಜಪಾನಿನ ಮನೆಮನೆಯಲ್ಲಿ ಈ ತೀರ್ಪಿನ ಮಾತೇ ಮಾತಾಯಿತು, ಏಕೆಂದರೆ ಅಲ್ಲಿ ಇಂಥ ಮನೆಗಳು ಲಕ್ಷಗಟ್ಟಲೆ ಇದ್ದವು.

ವಯಸ್ಸಾದವರನ್ನು ನೋಡಿಕೊಳ್ಳುವ ಹೊಣೆ ಯಾರದು? ಜಪಾನ್, ಕೊರಿಯಾ, ಚೀನಾ, ಸಿಂಗಪುರ, ಥಾಯ್ಲೆಂಡ್ ಎಲ್ಲವೂ ಇದೇ ಪ್ರಶ್ನೆಯನ್ನು ಬೇರೆ ಬೇರೆ ಹೊತ್ತಿಗೆ ಎದುರಿಸಿವೆ. ಮಕ್ಕಳಿಗೆ ಪ್ರೀತಿ ಕಡಿಮೆಯಾಯಿತು, ಅದಕ್ಕೇ ಹಿರಿಯರು ಒಂಟಿಯಾದರು ಎನ್ನುವ ಮಾತು ಅಲ್ಲೂ ಇದೆ, ಇಲ್ಲೂ ಇದೆ. ಈ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಆ ಮಾತಿನ ಮೇಲೆ ನಂಬಿಕೆ ಹೋಗಿದೆ. ‘ಮನೆಯವರು ನೋಡಿಕೊಳ್ಳುತ್ತಾರೆ’ ಎಂದು ಸರ್ಕಾರಗಳು ಬರೆದಾಗಲೆಲ್ಲ ಆ ‘ಮನೆಯವರು’ ಒಬ್ಬ ಹೆಂಗಸಾಗಿದ್ದಳು, ಹೆಚ್ಚಿನ ಸಲ ಸೊಸೆ. ಅವಳ ದುಡಿಮೆ ಯಾವ ಬಜೆಟ್ಟಿನಲ್ಲೂ ಕಾಣಿಸುತ್ತಿರಲಿಲ್ಲ.

ಜಪಾನ್ ಈ ದಾರಿಯಲ್ಲಿ ಎಲ್ಲರಿಗಿಂತ ಮೊದಲು ನಡೆದ ದೇಶ. 1961ರ ಹೊತ್ತಿಗೇ ಎಲ್ಲ ಪ್ರಜೆಗಳಿಗೂ ಆರೋಗ್ಯ ವಿಮೆ, ಪಿಂಚಣಿ ಎರಡೂ ಬಂದಿದ್ದವು. 1963ರಲ್ಲಿ ಹಿರಿಯರ ಕಲ್ಯಾಣಕ್ಕೆಂದೇ ಕಾಯ್ದೆಯಾಯಿತು. ಆ ವರ್ಷ ನೂರು ದಾಟಿದವರು ಇಡೀ ದೇಶದಲ್ಲಿ 153 ಮಂದಿ. ನೂರು ತುಂಬಿದವರಿಗೆ ಪ್ರಧಾನಿಯ ಹೆಸರಿನಲ್ಲಿ ಬೆಳ್ಳಿಯ ಬಟ್ಟಲು ಕೊಡುವ ಪದ್ಧತಿ ಶುರುವಾಯಿತು. ನೂರು ದಾಟಿದವರ ಸಂಖ್ಯೆ 2024ರಲ್ಲಿ 95,000 ಮೀರಿತು. ಅಷ್ಟು ಜನಕ್ಕೆ ಗಟ್ಟಿ ಬೆಳ್ಳಿ ಪೂರೈಸಲಾಗದೆ ಬಟ್ಟಲು 2016ರಿಂದ ಬೆಳ್ಳಿ ಲೇಪದ್ದಾಗಿದೆ.

ಸಮಾಜಕ್ಕೆ ವಯಸ್ಸಾಗುವುದನ್ನು ಅಳೆಯಲು ಒಂದು ರೂಢಿಯ ಲೆಕ್ಕವಿದೆ: ಜನಸಂಖ್ಯೆಯಲ್ಲಿ 65 ದಾಟಿದವರು ಶೇ 7ರಿಂದ ಶೇ 14ಕ್ಕೆ ಏರಲು ಎಷ್ಟು ಕಾಲ ಹಿಡಿಯಿತು ಎನ್ನುವುದು. ಫ್ರಾನ್ಸಿಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಜಪಾನ್ 1970ರಲ್ಲಿ ಶೇ 7 ಮುಟ್ಟಿ 1994ರಲ್ಲಿ ಶೇ 14 ತಲುಪಿತು, ಬರೀ 24 ವರ್ಷ. ದಕ್ಷಿಣ ಕೊರಿಯಾ ಇನ್ನೂ ಬೇಗ ಓಡಿತು: 2000ದಿಂದ 2018, ಹದಿನೆಂಟೇ ವರ್ಷ. ಫ್ರಾನ್ಸಿಗೆ ನಾಲ್ಕೈದು ತಲೆಮಾರಿನಷ್ಟು ಕಾಲಾವಕಾಶ ಸಿಕ್ಕಿತ್ತು, ಇವರಿಗೆ ಒಂದು ತಲೆಮಾರಿನಷ್ಟೂ ಸಿಗಲಿಲ್ಲ.

1973ನ್ನು ಜಪಾನ್ ‘ಕಲ್ಯಾಣದ ಮೊದಲ ವರ್ಷ’ ಎಂದು ಕರೆದುಕೊಂಡಿತು. 70 ದಾಟಿದವರಿಗೆ ಚಿಕಿತ್ಸೆ ಉಚಿತವಾಯಿತು. ಅದೇ ವರ್ಷ ತೈಲ ಬಿಕ್ಕಟ್ಟು ಬಂದು ಬೊಕ್ಕಸಕ್ಕೆ ಏಟು ಬಿತ್ತು. ಇನ್ನೊಂದು ತೊಡಕೂ ಇತ್ತು. ಚಿಕಿತ್ಸೆ ಉಚಿತ, ಆದರೆ ಮನೆಯಲ್ಲಿ ಸ್ನಾನ ಮಾಡಿಸಲು, ಊಟ ಮಾಡಿಸಲು ಜನವಿಲ್ಲ. ಹೀಗಾಗಿ ಕಾಯಿಲೆ ಇಲ್ಲದಿದ್ದರೂ ಆಸ್ಪತ್ರೆಯ ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುವ ಹಿರಿಯರು ಹೆಚ್ಚಿದರು. ಇದಕ್ಕೆ ಅಲ್ಲಿ ‘ಸಾಮಾಜಿಕ ದಾಖಲಾತಿ’ ಎಂದೇ ಹೆಸರು ಬಿತ್ತು. 1983ರಿಂದ ಅವರೂ ಸ್ವಲ್ಪ ಹಣ ಕಟ್ಟುವಂತಾಯಿತು.

ಈ ನಡುವೆ 1978ರ ಆರೋಗ್ಯ ಇಲಾಖೆಯ ಶ್ವೇತಪತ್ರದಲ್ಲಿ ಒಂದು ಮಾತು ಬಂತು: ಮೂರು ತಲೆಮಾರು ಒಂದೇ ಸೂರಿನಡಿ ಇರುವುದು ಕಲ್ಯಾಣ ವ್ಯವಸ್ಥೆಯ ‘ಅಡಗಿದ ಆಸ್ತಿ’. ಇದು ಲೆಕ್ಕಪತ್ರದ ಭಾಷೆ. ಪುಸ್ತಕದಲ್ಲಿ ಕಾಣದ, ಆದರೆ ಕಷ್ಟಕ್ಕೆ ಒದಗುವ ಆಸ್ತಿ ಎಂದು ಅರ್ಥ. ಆ ಆಸ್ತಿ ಎಂದರೆ ಯಾರು ಎಂದು ಮನೆಯ ಹೆಂಗಸರಿಗೆ ಗೊತ್ತಿತ್ತು. ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಚ್ಚಿ, ರಾತ್ರಿ ಮೂರು ಸಲ ಎದ್ದವರಿಗೆ ಆ ಪದ ಹೇಗೆ ಕೇಳಿಸಿರಬೇಕು ಎಂದು ಊಹಿಸಲು ನಾವೇನೂ ಜಪಾನಿನಲ್ಲಿ ಹುಟ್ಟಿರಬೇಕಿಲ್ಲ. 1983ರಲ್ಲಿ ಕೇಕೊ ಹಿಗುಚಿ ಮತ್ತು ಸಂಗಾತಿಗಳು ‘ವೃದ್ಧ ಸಮಾಜವನ್ನು ಉತ್ತಮಗೊಳಿಸುವ ಮಹಿಳೆಯರ ಸಂಘ’ ಕಟ್ಟಿದರು. ಆರೈಕೆಯ ಹೊಣೆಯನ್ನು ಇಡೀ ಸಮಾಜ ಹೊರಬೇಕು ಎನ್ನುವುದು ಅವರ ಒತ್ತಾಯ.

ಆ ಒತ್ತಾಯ ಕಾಯ್ದೆಯಾಗಲು ಹದಿನಾಲ್ಕು ವರ್ಷ ಹಿಡಿಯಿತು. 1997ರಲ್ಲಿ ದೀರ್ಘಕಾಲೀನ ಆರೈಕೆ ವಿಮೆಯ ಕಾಯ್ದೆ ಪಾಸಾಯಿತು. ಚರ್ಚೆಯಲ್ಲಿ ದೊಡ್ಡ ಜಗಳ ನಡೆದದ್ದು ಒಂದು ವಿಷಯಕ್ಕೆ: ಮನೆಯಲ್ಲೇ ನೋಡಿಕೊಳ್ಳುವವರಿಗೆ ಜರ್ಮನಿಯಂತೆ ನಗದು ಕೊಡಬೇಕೇ? ಕೊಡಲಿ ಎನ್ನುವುದು ಮೊದಲ ನೋಟಕ್ಕೆ ಸರಿ ಎನಿಸುತ್ತದೆ. ಹೋರಾಟದ ಮಹಿಳೆಯರು ಬೇಡವೇ ಬೇಡ ಎಂದರು. ತಿಂಗಳಿಗಿಷ್ಟು ಎಂದು ಹಣ ಬಂದರೆ ಸೊಸೆ ಮತ್ತೆ ಅಡುಗೆಮನೆಗೂ ರೋಗಿಯ ಕೋಣೆಗೂ ಕಟ್ಟುಬೀಳುತ್ತಾಳೆ, ‘ಸರ್ಕಾರ ದುಡ್ಡು ಕೊಡುತ್ತದಲ್ಲ’ ಎನ್ನುವ ಮಾತೂ ಕೇಳಬೇಕಾಗುತ್ತದೆ, ನಮಗೆ ಸೇವೆಯೇ ಬೇಕು ಎನ್ನುವುದು ಅವರ ವಾದ. ಅವರೇ ಗೆದ್ದರು. ಆ ಹಟವೇ ಇಡೀ ವ್ಯವಸ್ಥೆಯ ಬೆನ್ನೆಲುಬಾಯಿತು ಎಂದು ನನಗನಿಸುತ್ತದೆ.

ಜಾರಿಗೆ ಇನ್ನು ಕೆಲವೇ ತಿಂಗಳಿರುವಾಗ, 1999ರಲ್ಲಿ, ಆಳುವ ಪಕ್ಷದ ನೀತಿ ಮುಖ್ಯಸ್ಥ ಶಿಜುಕಾ ಕಾಮೆಯಿ ತಕರಾರು ತೆಗೆದರು. ಮಕ್ಕಳು ತಂದೆತಾಯಿಯನ್ನು ನೋಡಿಕೊಳ್ಳುವ ಸುಂದರ ಸಂಪ್ರದಾಯ ಇದರಿಂದ ಹಾಳಾಗುತ್ತದೆ ಎಂದರು. ಹಿರಿಯರ ವಿಮಾ ಕಂತಿನ ವಸೂಲಿ ಆರು ತಿಂಗಳು ಮುಂದಕ್ಕೆ ಹೋಯಿತು. ಆದರೂ 2000ದ ಏಪ್ರಿಲ್ 1ರಂದು ವಿಮೆ ಶುರುವಾಯಿತು.

ಅದು ನಡೆಯುವ ಬಗೆ ಹೀಗೆ. ನಲವತ್ತು ತುಂಬಿದ ಪ್ರತಿಯೊಬ್ಬರೂ ಕಂತು ಕಟ್ಟುತ್ತಾರೆ. ಖರ್ಚಿನಲ್ಲಿ ಅರ್ಧ ಈ ಕಂತಿನಿಂದ, ಅರ್ಧ ತೆರಿಗೆಯಿಂದ. ಅರವತ್ತೈದು ದಾಟಿದವರಿಗೆ ಆರೈಕೆ ಬೇಕಾದಾಗ ಪುರಸಭೆಗೆ ಅರ್ಜಿ. ಮನೆಗೆ ಬಂದವರು 74 ಅಂಶಗಳ ಪಟ್ಟಿ ಹಿಡಿದು ಕೇಳುತ್ತಾರೆ: ಮಗ್ಗುಲು ಬದಲಿಸಲು ಆಗುತ್ತದೆಯೇ, ಕಾಲುಗುರು ಕತ್ತರಿಸಿಕೊಳ್ಳುತ್ತಾರೆಯೇ, ಹೊರಗೆ ಹೋದವರು ದಾರಿ ತಪ್ಪುತ್ತಾರೆಯೇ. ಮೊದಲು ಕಂಪ್ಯೂಟರ್, ಆಮೇಲೆ ತಜ್ಞರ ಸಮಿತಿ ಮಟ್ಟ ನಿಗದಿ ಮಾಡುತ್ತದೆ. ಮಗನಿಗೆ ಎಷ್ಟು ಸಂಬಳ, ಸೊಸೆ ಮನೆಯಲ್ಲಿರುತ್ತಾಳೆಯೇ ಎನ್ನುವುದನ್ನು ಆ ಲೆಕ್ಕ ಹಿಡಿಯುವುದಿಲ್ಲ. ಹೆಚ್ಚಿನವರು ಸೇವೆಯ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಕಟ್ಟುತ್ತಾರೆ, ಆದಾಯ ಹೆಚ್ಚಿದ್ದವರು ಎರಡು ಅಥವಾ ಮೂರು ಪಾಲು. ಬೆಳಿಗ್ಗೆ ವ್ಯಾನು ಬಂದು ಅಜ್ಜಿಯನ್ನು ಹಗಲು ಕೇಂದ್ರಕ್ಕೆ ಕರೆದೊಯ್ದು ಸಂಜೆ ಬಿಡುವ ದೃಶ್ಯ ಊರೂರಲ್ಲೂ ಸಾಮಾನ್ಯವಾಯಿತು.

ಮಾತೂ ಬದಲಾಯಿತು. ಮರೆವಿನ ಕಾಯಿಲೆಯಾದ ಡಿಮೆನ್ಷಿಯಾಕ್ಕೆ ಜಪಾನಿಯಲ್ಲಿ ‘ಚಿಹೋ’ ಎನ್ನುತ್ತಿದ್ದರು. ಬರೆಯುವ ಅಕ್ಷರಗಳಲ್ಲೇ ದಡ್ಡತನದ ಅರ್ಥವಿತ್ತು. 2004ರ ಕೊನೆಯಲ್ಲಿ ಸರ್ಕಾರ ಅದನ್ನು ಬಿಟ್ಟು ‘ನಿಂಚಿಶೋ’, ಅಂದರೆ ಅರಿವಿಗೆ ಸಂಬಂಧಿಸಿದ ಕಾಯಿಲೆ ಎಂಬ ಪದ ತಂದಿತು. ನಾವು ಇನ್ನೂ ‘ಅರವತ್ತಕ್ಕೆ ಅರಳು ಮರಳು’ ಎಂದು ಸಲೀಸಾಗಿ ಹೇಳಿ ಕಾಯಿಲೆಯನ್ನು ವಯಸ್ಸಿನ ಖಾತೆಗೆ ಹಾಕಿಬಿಡುತ್ತೇವೆ.

ಎಲ್ಲ ಸರಿಹೋಯಿತು ಎಂದಲ್ಲ. ಹಿರಿಯರು ತಿಂಗಳಿಗೆ ಕಟ್ಟುವ ಸರಾಸರಿ ಕಂತು ಮೊದಲು 2,911 ಯೆನ್ ಇತ್ತು, 2024ರಿಂದ 6,225 ಆಗಿದೆ. ಆರೈಕೆ ಕೆಲಸಗಾರರ ಸಂಬಳ ಕಡಿಮೆ, ಜನ ಸಾಲದು. ಓಬುವಿನ ಆ ಮನೆಯೂ ಈ ವಿಮೆಯ ಸೇವೆ ಪಡೆಯುತ್ತಿದ್ದ ಮನೆಯೇ. 2016ರ ಮಾರ್ಚ್ 1ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಹೆಂಡತಿ ಎಂಬ ಒಂದೇ ಕಾರಣಕ್ಕೆ, ಮಗ ಎಂಬ ಒಂದೇ ಕಾರಣಕ್ಕೆ ಮೇಲ್ವಿಚಾರಣೆಯ ಹೊಣೆ ಬರುವುದಿಲ್ಲ, ಯಾರೂ ಒಂದು ಯೆನ್ನೂ ಕಟ್ಟಬೇಕಿಲ್ಲ. ಯಜಮಾನರು ತೀರಿಕೊಂಡು ಆಗಲೇ ಎಂಟು ವರ್ಷ ಕಳೆದಿತ್ತು.

ಕೊರಿಯಾದ ಕಥೆ ಇದಕ್ಕಿಂತ ಕಠೋರ. ನಮ್ಮಲ್ಲಿ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂದು ಗೋಡೆ ಬರಹ ಇದ್ದಂತೆ ಅಲ್ಲಿ 1970ರ ದಶಕದಲ್ಲಿ ‘ಮಗಳು ಮಗ ಎನ್ನದೆ ಇಬ್ಬರನ್ನೇ ಹೆತ್ತು ಚೆನ್ನಾಗಿ ಬೆಳೆಸಿ’ ಎಂಬ ಘೋಷಣೆ ಇತ್ತು. ಜನ ಕೇಳಿದರು. ಮಕ್ಕಳ ಓದಿಗೆ ಇದ್ದದ್ದನ್ನೆಲ್ಲ ಸುರಿದರು, ತಮಗೆಂದು ಉಳಿಸಿಕೊಳ್ಳಲಿಲ್ಲ; ಮಕ್ಕಳೇ ತಮ್ಮ ಪಿಂಚಣಿ ಎಂದುಕೊಂಡಿದ್ದರು. ರಾಷ್ಟ್ರೀಯ ಪಿಂಚಣಿ ಶುರುವಾದದ್ದೇ 1988ರಲ್ಲಿ, ಎಲ್ಲರಿಗೂ ತಲುಪಿದ್ದು 1999ರಲ್ಲಿ. ದೇಶದ ಕಾರ್ಖಾನೆಗಳನ್ನು ಕಟ್ಟಿದ ತಲೆಮಾರಿಗೆ ಅಷ್ಟರಲ್ಲಿ ವಯಸ್ಸು ಮೀರಿತ್ತು. ಸೋಲ್ ನಗರದ ಇಳಿಜಾರು ಗಲ್ಲಿಗಳಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಗಾಡಿಗೆ ಪೇರಿಸಿ, ಬಾಗಿ ಎಳೆಯುವ ಅಜ್ಜಿಯರು ಆ ತಲೆಮಾರಿನವರು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯಲ್ಲಿ ವೃದ್ಧರ ಬಡತನ ಅತಿ ಹೆಚ್ಚು ಇರುವುದು ಕೊರಿಯಾದಲ್ಲೇ, ಸುಮಾರು ಶೇ 40.

ಬಡವರಿಗೆ ಜೀವನ ಭದ್ರತೆಯ ಯೋಜನೆ 2000ದಲ್ಲಿ ಬಂತು ನಿಜ. ಅದರೊಳಗೊಂದು ಷರತ್ತಿತ್ತು: ಸಾಕುವ ಹೊಣೆಯುಳ್ಳ ಮಗ ಮಗಳು ಇದ್ದು ಅವರಿಗೆ ಆದಾಯವಿದ್ದರೆ ನೆರವಿಲ್ಲ. ಮಗ ವರ್ಷಗಟ್ಟಲೆ ಮಾತಾಡಿಲ್ಲ, ಹಣ ಕಳಿಸಿಲ್ಲ ಎಂದರೆ ಸಂಬಂಧ ಕಡಿದುಹೋಗಿದೆ ಎಂದು ಸಾಬೀತು ಮಾಡಬೇಕಿತ್ತು. ಹೆತ್ತ ಮಗ ತನ್ನನ್ನು ಬಿಟ್ಟಿದ್ದಾನೆ ಎಂದು ಕಚೇರಿಯ ಕಾಗದದ ಮೇಲೆ ಬರೆದುಕೊಡುವುದಕ್ಕಿಂತ ಅರೆಹೊಟ್ಟೆಯೇ ಮೇಲು ಎಂದುಕೊಂಡ ಹಿರಿಯರು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಈ ಷರತ್ತು ಬಹುಮಟ್ಟಿಗೆ ಹೋದದ್ದು 2021ರಲ್ಲಿ. ಇಪ್ಪತ್ತೊಂದು ವರ್ಷ! ಜಪಾನನ್ನು ನೋಡಿ ಕೊರಿಯಾ 2008ರಲ್ಲಿ ಆರೈಕೆ ವಿಮೆಯನ್ನೂ ತಂದಿತು. ಅಷ್ಟರಲ್ಲಿ ಹೆರಿಗೆಗಳೇ ನಿಲ್ಲುತ್ತ ಬಂದವು. ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಇಳಿಯಿತು. ಅತ್ತೆ ಮಾವನ ಸೇವೆಯೂ ತನ್ನ ಪಾಲಿಗೇ ಬರುತ್ತದೆ ಎಂದು ಗೊತ್ತಿರುವ ಹುಡುಗಿ ಮದುವೆಗೆ ಹಿಂದೇಟು ಹಾಕಿದರೆ ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ.

ಸಿಂಗಪುರ ಹಿಡಿದದ್ದು ಕಾನೂನಿನ ದಾರಿ. 1972ರಲ್ಲಿ ‘ಎರಡಕ್ಕೆ ನಿಲ್ಲಿಸಿ’ ಎಂದ ಸರ್ಕಾರ 1987ರಲ್ಲಿ ‘ಶಕ್ತಿಯಿದ್ದರೆ ಮೂರು ಅಥವಾ ಹೆಚ್ಚು’ ಎಂದು ಪೂರ್ತಿ ತಿರುಗಿತು. 1995ರಲ್ಲಿ ನಾಮನಿರ್ದೇಶಿತ ಸಂಸದ ವಾಲ್ಟರ್ ವೂನ್ ತಂದ ಖಾಸಗಿ ಮಸೂದೆ ತಂದೆತಾಯಿಯ ಜೀವನಾಂಶದ ಕಾಯ್ದೆಯಾಯಿತು. ಮಕ್ಕಳು ಕೈಬಿಟ್ಟರೆ ಹಿರಿಯರು ನ್ಯಾಯಮಂಡಳಿಗೆ ಹೋಗಬಹುದು. ನಮ್ಮಲ್ಲೂ 2007ರಲ್ಲಿ ಇಂಥದ್ದೇ ಕಾಯ್ದೆ ಬಂತು, ಕರ್ನಾಟಕದಲ್ಲಿ ಆ ಅರ್ಜಿಗಳು ಉಪವಿಭಾಗಾಧಿಕಾರಿಯ ಮುಂದೆ ಹೋಗುತ್ತವೆ. ಚೀನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ದೂರವಿರುವ ಮಕ್ಕಳು ಆಗಾಗ ಬಂದು ನೋಡಬೇಕು, ವಿಚಾರಿಸಬೇಕು ಎಂದು 2013ರ ಜುಲೈ 1ರಿಂದ ಕಾನೂನಿನಲ್ಲೇ ಬರೆಯಿತು. ಅಂದೇ ವೂಶಿ ನಗರದ ನ್ಯಾಯಾಲಯವೊಂದು, 77 ವರ್ಷದ ತಾಯಿಯನ್ನು ಎರಡು ತಿಂಗಳಿಗೊಮ್ಮೆಯಾದರೂ ಹೋಗಿ ನೋಡುವಂತೆ ಮಗಳಿಗೆ ಆದೇಶಿಸಿತು.

ಆದರೆ ಹಳ್ಳಿಯ ಮಕ್ಕಳನ್ನು ಸಾವಿರಾರು ಕಿಲೋಮೀಟರ್ ದೂರದ ಕಾರ್ಖಾನೆಗಳಿಗೆ ಎಳೆದದ್ದು ದೇಶದ ಆರ್ಥಿಕ ನೀತಿ. 1980ರಿಂದ ಒಂದೇ ಮಗು ಸಾಕು ಎಂದದ್ದು ಅದೇ ಸರ್ಕಾರ. 2009ರಲ್ಲಿ ಗ್ರಾಮೀಣ ಪಿಂಚಣಿ ಶುರುವಾದಾಗ ಕೇಂದ್ರ ನಿಗದಿ ಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 55 ಯುವಾನ್. ‘ಸಿರಿ ಬರುವ ಮೊದಲೇ ಮುಪ್ಪು’ ಎಂದು ಚೀನೀಯರು ಆಡಿಕೊಳ್ಳುವುದು ಇದನ್ನೇ. ಆ ಮಾತು ಥಾಯ್ಲೆಂಡಿಗೂ ಸಲ್ಲುತ್ತದೆ. ಅಲ್ಲಿ ಹಿರಿಯರ ಭತ್ಯೆ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 600ರಿಂದ 1,000 ಬಾತ್ ಮಾತ್ರ. ಹತ್ತು ಲಕ್ಷಕ್ಕೂ ಹೆಚ್ಚು ಹಳ್ಳಿ ಆರೋಗ್ಯ ಸ್ವಯಂಸೇವಕರು ಮನೆಮನೆಗೆ ಹೋಗಿ ಬಿಪಿ ನೋಡಿ ಬರುತ್ತಾರೆ, ನಮ್ಮ ಆಶಾ ಕಾರ್ಯಕರ್ತೆಯರಂತೆ. ಅವರಲ್ಲೂ ಹೆಂಗಸರೇ ಹೆಚ್ಚು.

ಸೊಸೆ ಬಿಟ್ಟ ಜಾಗಕ್ಕೆ ಈಗ ಬರುತ್ತಿರುವವಳು ಬೇರೆ ದೇಶದ ಹೆಣ್ಣುಮಗಳು. 2008ರಲ್ಲಿ ಇಂಡೋನೇಷ್ಯಾದಿಂದ, ಮರುವರ್ಷ ಫಿಲಿಪ್ಪೀನ್ಸ್‌ನಿಂದ, 2014ರಲ್ಲಿ ವಿಯೆಟ್ನಾಂನಿಂದ ಒಪ್ಪಂದದ ಮೇಲೆ ದಾದಿಯರೂ ಆರೈಕೆದಾರರೂ ಜಪಾನಿಗೆ ಬಂದರು. ತಮ್ಮ ದೇಶದಲ್ಲಿ ನುರಿತ ದಾದಿಯರಾಗಿದ್ದವರು ಜಪಾನಿ ಭಾಷೆಯಲ್ಲೇ ರಾಷ್ಟ್ರೀಯ ಪರೀಕ್ಷೆ ಬರೆಯಬೇಕಿತ್ತು. 2009ರಲ್ಲಿ 82 ಮಂದಿ ಬರೆದರು, ಒಬ್ಬರೂ ಪಾಸಾಗಲಿಲ್ಲ. ಹಾಸಿಗೆ ಹುಣ್ಣಿಗೆ ಜಪಾನಿಯರು ಮನೆಯಲ್ಲಿ ‘ತೊಕೊಜುರೆ’ ಎನ್ನುತ್ತಾರೆ, ಪ್ರಶ್ನೆಪತ್ರಿಕೆಯಲ್ಲಿ ‘ಜೊಕುಸೋ’ ಎಂದಿರುತ್ತದೆ, ಬರೆಯುವುದು ಜಪಾನಿಯರಿಗೇ ತೊಡಕಾಗುವ ಎರಡು ಚಿತ್ರಾಕ್ಷರಗಳಲ್ಲಿ. ಆ ಹುಣ್ಣನ್ನು ತೊಳೆದು ಮದ್ದು ಹಚ್ಚಲು ಬಲ್ಲ ಕೈ ಆ ಎರಡು ಅಕ್ಷರದ ಮುಂದೆ ಸೋಲುತ್ತಿತ್ತು. ಟೀಕೆ ಬಂದ ಮೇಲೆ ಅಕ್ಷರಗಳ ಪಕ್ಕ ಉಚ್ಚಾರಣೆ ಮುದ್ರಿಸುವ ಏರ್ಪಾಡಾಯಿತು.

ಹೀಗೆ ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದ ವಿಯೆಟ್ನಾಂನಲ್ಲೂ ತೊಟ್ಟಿಲುಗಳು ಕಡಿಮೆಯಾಗಿವೆ. ಎರಡೇ ಮಕ್ಕಳು ಎಂಬ ದಶಕಗಳ ಹಳೆಯ ನಿಯಮವನ್ನು ಅದು 2025ರ ಜೂನ್‌ನಲ್ಲಿ ಕೈಬಿಟ್ಟಿತು.