ಅಮಾನತು ಬೇರೆ, ವಜಾ ಬೇರೆ

ತೆರಿಗೆ ದುಡ್ಡು ನುಂಗಿದ ನೌಕರನ ಸುದ್ದಿ ಬಂತು ಅಂದ್ರೆ ಸಾಕು, ನಮ್ ದಾವಣಗೆರೆ ಕಡೆ ಎಪಿಎಂಸಿ ದಲಾಲರಿಂದ ಹಿಡಿದು ರಿಟೈರ್ಡ್ ಮೇಷ್ಟ್ರುಗಳವರೆಗೂ "ಅಮಾನತು ಆದ, ಕೆಲಸ ಹೋಯ್ತು, ತಕ್ಕ ಶಾಸ್ತಿ" ಅಂತಾರೆ. ಕೆಲಸ ಎಲ್ ಹೋಯ್ತು ಸ್ವಾಮಿ? ಹೋದ್ರೆ ಅದು ವಜಾ. ಅಮಾನತಾದವನು ಇನ್ನೂ ಸರ್ಕಾರಿ ನೌಕರನೇ, ಜೀವನಾಧಾರ ಭತ್ಯೆ ಅಂತ ತಿಂಗಳಿಗೊಂದಿಷ್ಟು ಬರ್ತಾನೂ ಇರುತ್ತೆ.

ಅಮಾನತು ಅನ್ನೋ ಪದ ಅರಬ್ಬಿ ಮೂಲದ್ದು. ಅಮಾನತ್ ಅಂದ್ರೆ ನಂಬಿ ಒಪ್ಪಿಸಿದ್ದು, ಇಟ್ಕೊಂಡವನು ಇಟ್ಟ ಹಾಗೇ ವಾಪಸ್ ಕೊಡಬೇಕಾದ್ದು. ಠೇವಣಿ ಅನ್ನೋ ಅರ್ಥ ಅದರದ್ದೇ, 'ತೀರ್ಮಾನ ಆಗೋವರೆಗೂ ಎತ್ತಿಡೋದು' ಅನ್ನೋದೂ ಅಲ್ಲಿಂದ್ಲೇ ಬೆಳೆದದ್ದು. ಕೋರ್ಟಿನ ಅಮೀನ, ಬೈಗುಳದ ಬೇಮಾನ್, ಎಲ್ಲ ಒಂದೇ ಧಾತುವಿನ ಸಂತಾನ. ಅಮಾನಿನೂ ಅಷ್ಟೇ: ಕಂದಾಯ ವಸೂಲಿನ ಗುತ್ತಿಗೆಗೆ ಕೊಡದೆ ಸರ್ಕಾರದ ನೌಕರರೇ ನೇರ ಎತ್ತೋ ಪದ್ಧತಿಗೆ ಅಮಾನಿ ಅಂತಿದ್ರು. ಅಂದ್ರೆ ಗುಮಾಸ್ತನ ಕೈಲಿರೋ ತೆರಿಗೆ ದುಡ್ಡೇ ಮೊದಲ ಅಮಾನತು! ನಂಬಿಕೆ ದ್ರೋಹಕ್ಕೆ ಉರ್ದುವಲ್ಲಿ 'ಅಮಾನತ್ ಮೆ ಖಯಾನತ್' ಅಂತಾರೆ, ನಾವು ಖಯಾನತ್ ಮಾಡಿದವನನ್ನೇ ಅಮಾನತಿನಲ್ಲಿ ಇಡ್ತೀವಿ, ನಮ್ಮೂರಲ್ಲಿ ಉರ್ದು ಮನೆಮಾತಿನವರಿಗೆ ಇದು ಒಳ್ಳೆ ತಮಾಷೆ.

ನೌಕರರು ಸಿಸಿಎ ರೂಲ್ಸ್ ಅಂತಾರಲ್ಲ, ಅಂದ್ರೆ ರಾಜ್ಯ ಸರ್ಕಾರಿ ನೌಕರರ ವರ್ಗೀಕರಣ, ನಿಯಂತ್ರಣ, ಮೇಲ್ಮನವಿ ನಿಯಮಗಳು, 1957ರದ್ದು, ಅದರಲ್ಲಿ ದಂಡನೆಗಳ ಪಟ್ಟಿ 8ನೇ ನಿಯಮ, ವಜಾ ಅಲ್ಲಿದೆ. ಅಮಾನತು 10ನೇದು, ಅಂದ್ರೆ ದಂಡನೆ ಪಟ್ಟಿಲೇ ಇಲ್ಲ. ಆದೇಶದಲ್ಲೂ 'ಇಲಾಖಾ ವಿಚಾರಣೆ ಕಾಯ್ದಿರಿಸಿ' ಅಂತ, ಅಂದ್ರೆ ವಿಚಾರಣೆ ಇನ್ನೂ ಬಾಕಿ ಅಂತ ಇರುತ್ತೆ, ಅದನ್ನ ಯಾರೂ ಓದಲ್ಲ. 48 ಗಂಟೆ ಮೀರಿ ಕಸ್ಟಡಿಯಲ್ಲಿದ್ರೆ ಅಮಾನತು ಅಂತಲೇ ಲೆಕ್ಕ.

ಉದ್ದೇಶ ಏನಪ್ಪಾ ಅಂದ್ರೆ ರಸೀದಿ ಬುಕ್ಕು, ರಿಜಿಸ್ಟರು, ಸಾಕ್ಷಿ ಹೇಳೋ ಸಹೋದ್ಯೋಗಿಗಳು, ಇವರ ಹತ್ರ ಅವನು ಸುಳಿಯಬಾರದು ಅಂತ. ಅದಕ್ಕೇ ಅಮಾನತು ಮಾಡಿ ಲಾಗಿನ್ ಮಾತ್ರ ಬಂದ್ ಮಾಡದೆ ಬಿಟ್ರೆ ಏನೂ ಮಾಡಿದ ಹಾಗಾಗಲಿಲ್ಲ. ಇನ್ನು 'ಅಮಾನತು ಮಾಡಿದ್ರೆ ವಂಚನೆ ನಿಲ್ಲುತ್ತೆ' ಅನ್ನೋರಿಗೆ ಏನ್ ಹೇಳೋದು? ದುಡ್ಡು ಇಸ್ಕೊಳ್ಳೋನು, ಡಿಸಿಬಿ (ಬೇಡಿಕೆ, ವಸೂಲಿ, ಬಾಕಿ ಲೆಕ್ಕದ ರಿಜಿಸ್ಟರು) ಬರೆಯೋನು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡೋನು ಮೂರೂ ಒಬ್ಬನೇ ಆಗಿದ್ರೆ ಗ್ರಾಹಕನ ರಸೀದಿಲೊಂದು ಅಂಕಿ ಕಾರ್ಬನ್ ಪ್ರತಿಲೊಂದು ಅಂಕಿ ಬರೆದ್ರೂ, ನಿನ್ನೆ ತಿಂದಿದ್ದನ್ನ ಇವತ್ತಿನ ವಸೂಲಿಲಿ ಮುಚ್ಚಿದ್ರೂ ಕೇಳೋರಿಲ್ಲ. ಆನ್‌ಲೈನ್ ಚಲನ್ ಬಂದ್ಮೇಲೆ ನಗದು ಕಮ್ಮಿ ಆಗಿದೆ, ಆದ್ರೆ ಬಾಕಿ ತಿದ್ದೋ ಪಾಸ್‌ವರ್ಡ್ ಮೂರು ಜನಕ್ಕೆ ಗೊತ್ತಿದ್ರೆ ಅದೇ ಕಥೆ.

ಅಮಾನತು ತೆರವಾಯ್ತು ಅಂದ್ರೆ ಖುಲಾಸೆ ಅಂತಾನೂ ಅಲ್ಲ, ವಿಚಾರಣೆ ಇನ್ನೂ ನಡೀತಿರಬಹುದು, ಹಾಗಿರೋವಾಗ ಅವನನ್ನ ಮತ್ತೆ ವಸೂಲಿ ಕೌಂಟರಿಗೇ ಕೂರಿಸೋದು ಯಾವ ಜಾಣತನವೋ ನಂಗಂತೂ ತಿಳಿಯಲ್ಲ.